ಉರ್ದು ಅಂಕಿ

ಸೆಪ್ಟೆಂಬರ್ ೩, ಶಿಗ್ಗಾಂವಿ
ಕಾಲೇಜಿನ ಪಾಠ ಮುಗಿಸಿ ಬಂದು ಮತ್ತೆ ಅದೇ ಆ್ಯಪ್ — ಹೆರಿಗೆಗೆ ಜೀಪು ಕಳಿಸುವ ನಮ್ಮ ಆರೋಗ್ಯ ಸಂಘದ್ದು. ಬಸುರಿ ಹೆಂಗಸು ಬಟನ್ ಒತ್ತಿದರೆ ಸಂಘದ ಜೀಪಿನ ಡ್ರೈವರ್ ಫಕ್ಕೀರಪ್ಪ ಕಾಕಾಗೆ ಮೆಸೇಜ್ ಹೋಗಬೇಕು. ಆ ಮೆಸೇಜ್ ಒತ್ತಿದರೆ ಮ್ಯಾಪಿನಲ್ಲಿ ಅವಳಿರುವ ಜಾಗ. ಫೋನ್ ಕೊಡುವ ಅಕ್ಷಾಂಶ-ರೇಖಾಂಶದ ಅಂಕಿಯ ಬಾಲ ಬಹಳ ಉದ್ದ — ಚುಕ್ಕೆಯ ನಂತರ ಹತ್ತಾರು. ಐದು ಅಂಕಿಗೆ ಕತ್ತರಿಸಿ, ಮೆಸೇಜಿನಲ್ಲಿ ಹೋಗುವ ಅಕ್ಷರವಾಗಿಸಿದೆ. ಒಂದೇ ಸಾಲಿನ ಕೋಡ್. ನನ್ನ ಫೋನಿನಲ್ಲಿ ಸರಿ. ಸಂಘದ ಕೆಲಸ ನೋಡುವ ಮಾಲತೇಶನ ಫೋನಿನಲ್ಲೂ ಸರಿ.

ಸೆಪ್ಟೆಂಬರ್ ೬
ಸವಣೂರು ತಾಲೂಕಿನ ಯಲವಿಗಿಯ ಹೊರಗೆ, ಹೊಲದ ಮನೆಯ ಮಾಬೂಬಿಗೆ ಆ್ಯಪ್ ಹಾಕಿಕೊಟ್ಟೆ. ದಿನ ತುಂಬುತ್ತ ಬಂದಿದೆ. ಗಂಡ ಲಾರಿ ಡ್ರೈವರ್, ಮನೆಯಲ್ಲಿರುವುದೇ ಕಡಿಮೆ.
"ಒತ್ತಿದ್ರ ಬರ್ತಾರಲ್ರಿ ಅಕ್ಕಾರ?"
"ಬಂದ ಬರ್ತಾರ."
ಎಷ್ಟು ಸಲೀಸಾಗಿ ಹೇಳಿದೆ...

ಸೆಪ್ಟೆಂಬರ್ ೧೫, ಸಂಜೆ
ಕ್ಲಾಸಿನಲ್ಲಿದ್ದೆ. ಕಾಕಾ ಫೋನ್. "ಅಂಕಿತಾ, ಮಾಬೂಬಿ ಮೆಸೇಜ್ ಬಂದೈತಿ. ಮ್ಯಾಪ್ ತೆರೀತೈತಿ, ಜಾಗಾ ತೋರಸವಲ್ದು. ಯಾವ ಕಡೆ ಹೋಗ್ಲಿ?"
ರೈಲ್ವೆ ಸ್ಟೇಷನ್ ದಾಟಿ... ಎಡಕ್ಕೋ ಬಲಕ್ಕೋ. ನಾನೇ ಹೋಗಿದ್ದ ದಾರಿ, ನೆನಪಾಗಲಿಲ್ಲ. ಮಾಬೂಬಿ ಫೋನ್ ಎತ್ತುತ್ತಿಲ್ಲ. ಕಾಕಾ ಮಂದಿಯನ್ನು ಕೇಳಿ ಕೇಳಿ ಮನೆ ಹುಡುಕಿದರು. ಅಷ್ಟರಲ್ಲಿ ಹೆರಿಗೆ ಆಗಿಹೋಗಿತ್ತು. ರಕ್ತ ನಿಂತಿರಲಿಲ್ಲ. ಆಸ್ಪತ್ರೆಗೆ ಒಯ್ದಿದ್ದಾರೆ. ಕೂತರೂ ಆಗದು, ನಿಂತರೂ ಆಗದು.

ಅದೇ ದಿನ, ರಾತ್ರಿ ಊಟದ ಹೊತ್ತು
ಆ ಮೆಸೇಜಿನ ಫೋಟೋ ತರಿಸಿಕೊಂಡೆ. ಅಂಕಿಗಳೆಲ್ಲ ಉರ್ದುವಿನಲ್ಲಿ. ಅವಳ ಫೋನ್ ಉರ್ದುವಿನಲ್ಲಿದೆ. ನನ್ನ ಸಾಲು ಫೋನಿನ ಭಾಷೆ ನೋಡಿ ಅಂಕಿ ಬರೆಯುತ್ತದೆ. ಮ್ಯಾಪಿಗೆ ಆ ಅಂಕಿ ಓದಲು ಬರಲಿಲ್ಲ. ಅವತ್ತು ಅವಳ ಫೋನ್ ನನ್ನ ಕೈಯಲ್ಲೇ ಇತ್ತು. ಒಮ್ಮೆ ಒತ್ತಿ ನೋಡಬಾರದಿತ್ತೇ.

ಸೆಪ್ಟೆಂಬರ್ ೧೬
ತಾಯಿಗೆ ರಕ್ತ ಕೊಟ್ಟಿದ್ದಾರಂತೆ. ಮಗು ಹುಷಾರು.
ಮಾಲತೇಶ ಬಂದಿದ್ದ. "ಎಲ್ಲಾರಿಗೂ ಫೋನ್ ಇಂಗ್ಲಿಷಿಗೆ ಹಾಕ್ಕೊಳ್ರಿ ಅಂತ ಹೇಳಿಬಿಡು. ನಾಡಿದ್ದು ಹಾನಗಲ್ಲಿನ್ಯಾಗ ಸಂಘದ ಹಿರ್ಯಾರಿಗೆ ಆ್ಯಪ್ ತೋರಸೂದೈತಿ. ಅಲ್ಲಿ ಇದನ್ನ ಎತ್ತಬ್ಯಾಡ."
"ಅಕಿಗೆ ಉರ್ದು ಬಿಟ್ರ ಬ್ಯಾರೆ ಓದಾಕ ಬರೂದಿಲ್ಲ."
ಚಹಾ ಅರ್ಧ ಬಿಟ್ಟು ಎದ್ದ.
ಸಾಲು ತಿದ್ದಿದೆ. ಫೋನಿನ ಭಾಷೆ ಯಾವುದೇ ಇರಲಿ, ಮೆಸೇಜಿನಲ್ಲಿ ಮ್ಯಾಪ್ ಓದುವ ಅಂಕಿಯೇ ಹೋಗಲಿ. ನನ್ನ ಫೋನನ್ನೇ ಉರ್ದುವಿಗೆ ಹಾಕಿ ನೋಡಿದೆ. ಹೋಯಿತು. ವಾಪಸ್ ಕನ್ನಡಕ್ಕೆ ತರಲು ಒದ್ದಾಡಿದೆ — ಒಂದಕ್ಷರವೂ ತಿಳಿಯದು.

ಸೆಪ್ಟೆಂಬರ್ ೧೮
ಹಾನಗಲ್. ಯಾರೂ ಕೇಳುವ ಮೊದಲೇ ಉರ್ದು ಅಂಕಿಯ ತಪ್ಪು ಹೇಳಿಬಿಟ್ಟೆ. ಮಾಲತೇಶ ನನ್ನ ಕಡೆ ನೋಡಲಿಲ್ಲ. ಹಾನಗಲ್, ಹಿರೇಕೆರೂರು ತಾಲೂಕಿಗೆ ಸದ್ಯಕ್ಕೆ ಬೇಡ, ಸವಣೂರಿನಲ್ಲಷ್ಟೇ ನಡೆಯಲಿ ಎಂದರು ಹಿರಿಯರು. ಬಸ್ಸಿನಲ್ಲಿ ಅವನು ಬೇರೆ ಸೀಟಿನಲ್ಲಿ ಕೂತ.

ಸೆಪ್ಟೆಂಬರ್ ೨೧
ಆಸ್ಪತ್ರೆಗೆ ಹೋದೆ. ಮಾಬೂಬಿ ಬಿಳಿಚಿದ್ದಾಳೆ. ಪಕ್ಕದಲ್ಲಿ ಹೆಣ್ಣುಮಗು, ಗಾಢ ನಿದ್ದೆ. ಆ್ಯಪಿನ ತಪ್ಪು ಅಂದೆ. ನಂದು ಅಂದೆ.
ಮಗುವಿನ ಹೊದಿಕೆ ಸರಿಮಾಡಿದಳು.
"ನಾನು ಒತ್ತಾಕ ಬರಲಾರದಾಕಿ ಅಂದ್ಕೊಂಡಿದ್ನಿರಿ ಅಕ್ಕಾರ. ನೀವು ಛಲೋತ್ನ್ಯಾಗಿ ಹೇಳಿಕೊಟ್ಟಿದ್ರಿ, ನನಗ ತಿಳೀಲಿಲ್ಲ ಅಂತ... ಹೆರಿಗಿ ಬ್ಯಾನಿಗಿಂತ ಅದಕ್ಕ ಹೆಚ್ಚ ಅತ್ತೆನ್ರಿ."
ಹೊಸ ಆ್ಯಪ್ ಹಾಕಿ ಫೋನ್ ಕೊಟ್ಟೆ. ಒತ್ತಿ ನೋಡು ಅಂದೆ. ಒತ್ತಲಿಲ್ಲ. ತಿರುಗಿ ನನ್ನ ಕೈಗೇ ಇಟ್ಟಳು.
"ಈ ಸಲ ನೀವ ಒತ್ರಿ. ನಾ ನೋಡ್ತೇನಿ."
ಬಟನ್ ಮೇಲೆ ಬೆರಳಿಟ್ಟೆ. ಕಾಕಾ ಬಾಗಿಲಲ್ಲೇ ಫೋನ್ ಹಿಡಿದು ನಿಂತಿದ್ದರು. ಸರಿಯಾಗಿದೆ ಎಂದು ಗೊತ್ತಿತ್ತು. ಆದರೂ ಬೆರಳು ಒಂದು ಗಳಿಗೆ ತಡೆಯಿತು, ಆಮೇಲೆ ಒತ್ತಿದೆ.