ಬಿಲ್ಲಿನ ಹೊರಮೈ

ತಂಬೂರ, ೧೯೭೪

ಹೊಳಬಸಪ್ಪ ಕಾಕಾ,

ನೀನು ತೀರಿಕೊಂಡು ಎರಡು ವರ್ಷವಾದ ಮೇಲೆ, ಇಂದು ನನ್ನ ಬಿಲ್ಲು ಮುರಿಯದೆ ಬಾಗಿತು! ದಡಸಲ ಮರದ ಕೊಂಬೆ. ವರ್ಷವಿಡೀ ನೆರಳಲ್ಲಿ ಒಣಗಿಸಿದ್ದೆ. “ಒಳಮೈ ಅಷ್ಟ ಕೆತ್ತಲೇ! ಹೊರಮೈಗೆ ಬಾಚಿ ಮುಟ್ಟಿಸಬ್ಯಾಡ, ಮುರೀತೈತಿ” ಎಂದು ನೀನು ಬೈಯುತ್ತಿದ್ದೆಯಲ್ಲ, ಅದಕ್ಕೇ ಹೊರಗಡೆ ತೊಗಟೆಯನ್ನಷ್ಟೇ ಸುಲಿದೆ.

ಮೊದಲ ಬಾಣವನ್ನು ಹೊಲಕ್ಕೆ ನುಗ್ಗಿದ ಹಂದಿಯ ಮೇಲೆ ಬಿಟ್ಟೆ. ಅದು ಹೋಗಿ ನಮ್ಮದೇ ಕುಂಬಳಕಾಯಿಗೆ ನಾಟಿತು. “ಹಂದಿ ಉಳೀತು, ಪಲ್ಯಾ ಆತು ಬಿಡ್ರಿ” ಎಂದು ನನ್ನ ಹೆಂಡತಿ ಫಕೀರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಲ್ಯ ಅಗದಿ ರುಚಿಯಾಗಿತ್ತು.

ಹಿಂದೆ ನೀನು ಕೆತ್ತಲು ಕೊಟ್ಟ ಬಿಲ್ಲನ್ನು ಮುರಿದು ತಂದಾಗ, ಮರಕ್ಕೇ ಹುಳ ಹಿಡಿದಿದೆ ಎಂದು ನಾನು ಹೇಳಿದ್ದೆ. ನೀನು ನಂಬಿದೆ. ಆ ಮರದ ಕಡೆ ಮತ್ತೆ ಹೋಗಲೇ ಇಲ್ಲ.

ಕಾಕಾ, ಇಂದಿನ ಬಿಲ್ಲು ಅದೇ ಮರದ್ದು.

ನಿನ್ನ ಲಕ್ಷ್ಮಣ