ಕೆಂಪು ಮರಿಗಳ ಕಾವಲುಗಾರ

ಮಾನ್ವಿ, ಭಾನುವಾರ, ೧೭ ಆಗಸ್ಟ್ ೨೦೨೫

ಟಬ್ಬಿನಲ್ಲಿ ಮೀನು ಮತ್ತೆ ಬಾಲ ಬಡಿಯಿತು. ನಿದ್ದೆ ಹತ್ತುತ್ತಿಲ್ಲ.

ಮಧ್ಯಾಹ್ನ ಪೋತ್ನಾಳದಾಚೆಯ ಕೆರೆಯಲ್ಲಿ ಕೆಂಪು ಮೀನುಮರಿಗಳ ಗುಂಪೊಂದು ನೀರು ಕುದಿದಂತೆ ಮೇಲೆದ್ದಿತು. ಕೆಳಗೆ ಕಾವಲಿಗೆ ದೊಡ್ಡ ಕೊರವ ಮೀನು ಇದ್ದೇ ಇರುತ್ತದೆ. ಜೊತೆಗಿದ್ದ ಹುಸೇನಪ್ಪ, "ಮರಿ ಮ್ಯಾಲ ಗಾಳ ಒಗೀಬ್ಯಾಡಲೇ. ಅದು ಹಸ್ದು ಕಚ್ಚಂಗಿಲ್ಲ, ಮಕ್ಕಳ ಸಲುವಾಗಿ ಕಚ್ತದ" ಎಂದ. ನಾನು ಒಗೆದೆ. ಮೂರು ಕಿಲೋ!

ಸಂಜೆ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಅದನ್ನೇ ರಣರಂಗವಾಗಿಸಿ ಗರ್ಜಿಸಿದೆ. ಜನ ಬೆಂಚು ಬಡಿದು ನಕ್ಕರು. ಮರಿಗಳ ಸಂಗತಿಯನ್ನು ಮಾತ್ರ ನುಂಗಿಕೊಂಡೆ. ಹುಸೇನಪ್ಪ ಚಹಾ ಸುರಿದುಕೊಂಡ ಬಸಿಯಿಂದ ಕಣ್ಣೆತ್ತದೆ, "ಒಂದ್ ಸೀನು ಬಿಟ್ಟೆಲ್ಲೋ, ನಾಟಕದ ಮಾಸ್ತರ" ಎಂದ. ಕಂಪನಿ ನಾಟಕದಲ್ಲಿ ನಲವತ್ತು ವರ್ಷ ಗದೆ ಹೊತ್ತವನು ಚಹಾದ ದುಡ್ಡಿಟ್ಟು ಎದ್ದು ಬಂದೆ.

"ಮುಂಜಾನಿ ಸಾರು ಮಾಡ್ತೀನ್ರೀ" ಎಂದು ಹೇಳಿ ಹೆಂಡತಿ ತಾಯಮ್ಮ ಮಲಗಿದಳು. ಹೂಂ ಅಂದಿದ್ದೇನೆ.

ಕೊರವ ಗಾಳಿ ನುಂಗಿ ಬದುಕುವ ಮೀನು, ಬೆಳಗಿನವರೆಗೆ ಸಾಯದು. ಅದನ್ನು ಮರಿಗಳ ಹತ್ತಿರ ಕೆರೆಗೇ ಬಿಟ್ಟು ಬರಬೇಕು. ಪೋತ್ನಾಳದ ಕಡೆಗೆ ಮೊದಲ ಬಸ್ಸು ಐದೂವರೆಗೆ. ಮೀನಿನ ಕೊಡ ಹೊತ್ತು ಹತ್ತಿದರೆ ಕಂಡಕ್ಟರ್ ನಗುತ್ತಾನೆ, ನಗಲಿ. ಅಷ್ಟರಲ್ಲಿ ಎಷ್ಟು ಮರಿಗಳನ್ನು ಬೇರೆ ಮೀನುಗಳು ತಿಂದಿರುತ್ತವೋ. ಕೊಡಕ್ಕೆ ಈಗಲೇ ನೀರು ತುಂಬಬೇಕು. ಬೆಳಿಗ್ಗೆ ತಾಯಮ್ಮ ಮಸಾಲೆ ಅರೆಯುವ ಸದ್ದು ಕೇಳಿದರೆ, ನನ್ನನ್ನು ನಾನೇ ನಂಬಲಾರೆ.