ಮದುವೆ ಕ್ಯಾಸೆಟ್ಟಿನಲ್ಲೊಂದು ಹಡಗು

ಮೌಂಟನ್ ವ್ಯೂ
೮ ಮಾರ್ಚ್ ೧೯೮೭

ಪದ್ಮಜಾ,

ಒಂದು ಸಣ್ಣ ಅಪರಾಧ ಒಪ್ಪಿಕೊಳ್ಳುತ್ತಿದ್ದೇನೆ. ಬಲಗೈ ಎತ್ತಿ ಪ್ರಮಾಣ ಮಾಡಬೇಕಿತ್ತು, ಆದರೆ ಬರೆಯುವುದೂ ಅದೇ ಕೈ. ನೀನು ವಕೀಲರ ಮೂಲಕ ಕೇಳಿರುವ ನಮ್ಮ ಮದುವೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ ಈಗ ಮದುವೆ ಇಲ್ಲ.

ಮೈಸೂರಿನ ಆ ಕ್ಯಾಸೆಟ್ಟು ಅಮೆರಿಕದ ಮಷೀನಿನಲ್ಲಿ ಬರೀ ಗೆರೆ ತೋರಿಸುತ್ತಿತ್ತು. "ಅದು ಖಾಲಿ ಅಲ್ಲ ರೀ, ಇಲ್ಲಿ ಓಡಲ್ಲ ಅಷ್ಟೆ" ಅಂದಿದ್ದೆ ನೀನು. ನಾನು ಕೇಳಲಿಲ್ಲ. ಟಿವಿಯಲ್ಲಿ ಬಂದ ಪ್ರವಾಸಿ ಹಡಗಿನ ಹಳೆಯ ಬ್ರಿಟಿಷ್ ಹಾಸ್ಯಚಿತ್ರವನ್ನು ಅದರ ಮೇಲೆಯೇ ರೆಕಾರ್ಡ್ ಮಾಡಿದೆ. ಧಾರೆಯ ಜಾಗದಲ್ಲಿ ಕ್ಯಾಪ್ಟನ್ ಈಜುಕೊಳಕ್ಕೆ ಬೀಳುತ್ತಾನೆ. ಎರಡೂ ನೀರುಪಾಲೇ ಬಿಡು.

ಬ್ರಿಟಿಷರ ಹಾಸ್ಯ ಅರ್ಥವಾಗುವ ಕನ್ನಡಿಗ ಇಲ್ಲಿ ನಾನೊಬ್ಬನೇ ಎಂದು, ಊಟಕ್ಕೆ ಬಂದವರಿಗೆಲ್ಲ ಅದನ್ನು ಹಾಕಿ ತೋರಿಸುತ್ತಿದ್ದೆನಲ್ಲ.

ಕ್ಯಾಸೆಟ್ಟು ಇದರ ಜೊತೆಗಿದೆ. ನಿನ್ನ ಒಗ್ಗರಣೆ ಸೌಟೂ, ನಾನು ಸಹಿ ಹಾಕಿದ ವಿಚ್ಛೇದನದ ಕಾಗದಗಳೂ ಇವೆ. ತಲುಪಿದ್ದಕ್ಕೆ ಒಂದು ಸಾಲು ಬರೆ.

ಕಳಿಸುವ ಮುಂಚೆ ನಿನ್ನೆ ಒಬ್ಬನೇ ಕೂತು ಪೂರ್ತಿ ನೋಡಿದೆ. ಒಂದು ಸಲವೂ ನಗು ಬರಲಿಲ್ಲ. ಆ ಇಂಗ್ಲಿಷು ನನಗೆ ಯಾವತ್ತೂ ಅರ್ಥವಾಗಿರಲಿಲ್ಲ, ಪದ್ಮಜಾ. ನೀನು ನಕ್ಕಾಗ ನಿನ್ನ ಮುಖ ನೋಡಿ ನಗುತ್ತಿದ್ದೆ.

ಇಂತಿ,
ದ್ವಾರಕಾನಾಥ